ಯಾವ ಕೈಪಿಡಿಯನ್ನು ಎಷ್ಟು ನಂಬುವುದು? ವೆಬ್ ಮತ್ತು ಸರ್ವರ್ ಕುರಿತ ಓದುಗರ ಪ್ರಶ್ನೆಗಳು

ಈ ಸಲದ ಪ್ರಶ್ನೆಗಳಲ್ಲಿ ಹೆಚ್ಚಿನವು ವೆಬ್‌ಸೈಟ್ ಕಟ್ಟುವವರಿಂದ ಮತ್ತು ಸರ್ವರ್ ನೋಡಿಕೊಳ್ಳುವವರಿಂದ ಬಂದಿವೆ. ಉಪಯುಕ್ತ ತಾಣಗಳ ಪಟ್ಟಿಯೊಂದನ್ನು ಕೊಡಿ ಎಂದು ಹಲವರು ಕೇಳಿದ್ದಾರೆ. ಅಂಥ ಪಟ್ಟಿಗಳಿಗೆ ಅಂತರಜಾಲದಲ್ಲಿ ಬರವಿಲ್ಲ. ನೂರಾರು ಕೊಂಡಿಗಳನ್ನು ಉಳಿಸಿಟ್ಟುಕೊಂಡವರು ಅವನ್ನು ಮತ್ತೆ ತೆರೆದು ನೋಡುವುದು ಮಾತ್ರ ಅಪರೂಪ. ಆದ್ದರಿಂದ ಹೆಸರುಗಳನ್ನು ಕಡಿಮೆ ಮಾಡಿ, ಯಾವ ಕೆಲಸಕ್ಕೆ ಯಾವುದು ತಕ್ಕದ್ದು, ಅದನ್ನು ಬರೆದವರು ಯಾರು, ಅದು ಯಾವ ಆವೃತ್ತಿಗೆ ಅನ್ವಯಿಸುತ್ತದೆ ಎಂಬುದರ ಕಡೆಗೆ ಹೆಚ್ಚು ಗಮನ ಕೊಟ್ಟಿದ್ದೇನೆ.

ಪ್ರಶ್ನೆ: ವೀಡಿಯೊಗಳನ್ನು ನೋಡಿ ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಮತ್ತು ಪಿಎಚ್‌ಪಿ ಕಲಿಯುತ್ತಿದ್ದೇನೆ. ಒಬ್ಬರು ಸರಿ ಎಂದದ್ದನ್ನು ಇನ್ನೊಬ್ಬರು ತಪ್ಪು ಎನ್ನುತ್ತಾರೆ. ಕೆಲವು ಕೋಡ್ ಹಾಗೆಯೇ ಬರೆದುಕೊಂಡರೂ ಓಡುವುದಿಲ್ಲ. ನಂಬಬಹುದಾದ ಮೂಲ ಯಾವುದು? ಕನ್ನಡದಲ್ಲಿ ಏನಾದರೂ ಇದೆಯೇ?
— ಬಿಸಿಎ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಬ್ರೌಸರಿನೊಳಗೆ ನಡೆಯುವ ಕೆಲಸಕ್ಕೆಲ್ಲ ಎಂಡಿಎನ್ ವೆಬ್ ಡಾಕ್ಸ್ ಒಂದನ್ನೇ ಮೊದಲ ಮೂಲವಾಗಿ ಇಟ್ಟುಕೊಳ್ಳಿ. ಮೊಝಿಲ್ಲಾ ಸಂಸ್ಥೆ 2005ರಲ್ಲಿ ಆರಂಭಿಸಿದ ಈ ದಾಖಲೆಸಂಗ್ರಹ ಈಗ ಒಂದೇ ಬ್ರೌಸರಿನವರ ಸ್ವತ್ತಾಗಿ ಉಳಿದಿಲ್ಲ. 2017ರಲ್ಲಿ ಗೂಗಲ್, ಮೈಕ್ರೋಸಾಫ್ಟ್ ಮುಂತಾದವರು ಇದರ ಸಲಹಾ ಮಂಡಳಿಗೆ ಸೇರಿದರು. 2020ರ ಕೊನೆಯಲ್ಲಿ ಇದರ ಬರಹವೆಲ್ಲ, ಯಾರು ಬೇಕಾದರೂ ತಿದ್ದುಪಡಿ ಸೂಚಿಸಬಹುದಾದ ಗಿಟ್‌ಹಬ್ ತಾಣಕ್ಕೆ ಹೋಯಿತು. 2021ರಿಂದ ಓಪನ್ ವೆಬ್ ಡಾಕ್ಸ್ ಎಂಬ ಪ್ರತ್ಯೇಕ ಸಂಸ್ಥೆಯ ಬರಹಗಾರರೂ ಇದರ ಮೇಲೆ ಕೆಲಸ ಮಾಡುತ್ತಿದ್ದಾರೆ. ಪ್ರತಿ ಪುಟದ ಕೆಳಗೆ ಕೊನೆಯ ತಿದ್ದುಪಡಿಯ ದಿನಾಂಕವಿರುತ್ತದೆ ಮತ್ತು ಆ ಸೌಲಭ್ಯ ಯಾವ ಬ್ರೌಸರಿನ ಯಾವ ಆವೃತ್ತಿಯಿಂದ ದೊರೆಯುತ್ತದೆ ಎಂಬ ಕೋಷ್ಟಕವಿರುತ್ತದೆ. ವೀಡಿಯೊಗಳಲ್ಲಿ ನಿಮಗೆ ಸಿಗದಿರುವುದು ಈ ಎರಡೇ.

ಪುಟದ ಮೇಲ್ಭಾಗದಲ್ಲಿ ಬೇಸ್‌ಲೈನ್ ಎಂಬ ಗುರುತನ್ನೂ ನೀವು ನೋಡಿರಬಹುದು. 2023ರಲ್ಲಿ ಬಳಕೆಗೆ ಬಂದ ಈ ಗುರುತು, ಮುಖ್ಯ ಬ್ರೌಸರುಗಳೆಲ್ಲವೂ ಒಂದು ಸೌಲಭ್ಯವನ್ನು ಒದಗಿಸಿದ ಕೂಡಲೇ ಅದನ್ನು 'ಹೊಸದಾಗಿ ಲಭ್ಯ' ಎನ್ನುತ್ತದೆ. ಅಲ್ಲಿಂದ 30 ತಿಂಗಳು ಕಳೆದ ಮೇಲೆ 'ವ್ಯಾಪಕವಾಗಿ ಲಭ್ಯ' ಎನ್ನುತ್ತದೆ. ಹಳೆಯ ಫೋನುಗಳಲ್ಲಿ ನೋಡುವವರು ಹೆಚ್ಚಿರುವ ತಾಣಕ್ಕೆ ಎರಡನೆಯ ಗುರುತಿಗಾಗಿ ಕಾಯುವುದು ಒಳ್ಳೆಯದು. ಬರೆದ ಪುಟವನ್ನು, ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಉಚಿತ ಪರೀಕ್ಷಕಕ್ಕೆ ಕೊಟ್ಟು ನೋಡುವ ಅಭ್ಯಾಸವನ್ನು ಈಗಲೇ ಬೆಳೆಸಿಕೊಳ್ಳಿ. ಮುಚ್ಚದೆ ಬಿಟ್ಟ ಟ್ಯಾಗ್ ಒಂದನ್ನು ಬ್ರೌಸರ್ ಸದ್ದಿಲ್ಲದೆ ಸರಿಪಡಿಸಿಕೊಂಡು ತೋರಿಸಿಬಿಡುತ್ತದೆ, ಪರೀಕ್ಷಕ ಹಾಗೆ ಬಿಡುವುದಿಲ್ಲ.

ಕೋಡ್ ಓಡುತ್ತಿಲ್ಲ ಎಂದಿದ್ದೀರಿ, ಆದರೆ ಯಾವ ಕೋಡ್ ಎಂದು ಬರೆದಿಲ್ಲ. ಪಿಎಚ್‌ಪಿ ಕಲಿಯುವವರ ವಿಷಯದಲ್ಲಿ ಸಾಮಾನ್ಯವಾದ ಕಾರಣವೊಂದಿದೆ. ಡೇಟಾಬೇಸ್ ಜೊತೆ ಮಾತಾಡಲು 'ಮೈಎಸ್‌ಕ್ಯುಎಲ್ ಕ್ವೆರಿ'ಯಂಥ ಹಳೆಯ ಫಂಕ್ಷನ್‌ಗಳನ್ನು 2015ರ ಡಿಸೆಂಬರ್‌ನಲ್ಲಿ ಬಂದ ಪಿಎಚ್‌ಪಿ 7.0ರಲ್ಲಿ ಪೂರ್ತಿಯಾಗಿ ತೆಗೆದುಹಾಕಲಾಯಿತು. 2008ರಲ್ಲಿ ಆರಂಭವಾದ ಸ್ಟ್ಯಾಕ್ ಓವರ್‌ಫ್ಲೋ ತಾಣದ ಹಳೆಯ ಉತ್ತರಗಳಲ್ಲಿ, ಆ ಕಾಲದ ಪಾಠಗಳಲ್ಲಿ ಅವು ಇಂದಿಗೂ ಹಾಗೆಯೇ ಇವೆ. ಓಡದಿರುವುದಷ್ಟೇ ಅಲ್ಲ, ಬಳಕೆದಾರರು ತುಂಬಿದ ಮಾತನ್ನು ನೇರವಾಗಿ ಕ್ವೆರಿಯೊಳಗೆ ಸೇರಿಸುವ ಆ ಶೈಲಿ ಎಸ್‌ಕ್ಯುಎಲ್ ಇಂಜೆಕ್ಷನ್ ದಾಳಿಗೆ, ಅಂದರೆ ದುರುದ್ದೇಶದ ಆಜ್ಞೆಯನ್ನು ಡೇಟಾಬೇಸಿಗೆ ತೂರಿಸುವುದಕ್ಕೆ, ಬಾಗಿಲು ತೆರೆದಿಡುತ್ತದೆ. ಪಿಡಿಒ (ಡೇಟಾಬೇಸ್ ಜೊತೆ ಮಾತಾಡುವ ಈಗಿನ ವಿಧಾನ) ಮತ್ತು ಪ್ರಿಪೇರ್ಡ್ ಸ್ಟೇಟ್‌ಮೆಂಟ್ (ಬಳಕೆದಾರರ ಮಾತನ್ನು ಕ್ವೆರಿಯಿಂದ ಬೇರೆಯಾಗಿ ಕಳುಹಿಸುವ ಕ್ರಮ) ಕುರಿತ ಪುಟಗಳನ್ನು ಪಿಎಚ್‌ಪಿಯ ಅಧಿಕೃತ ಕೈಪಿಡಿಯಲ್ಲಿ ಓದಿ. ಭದ್ರತೆಯ ಭಾಗಕ್ಕೆ, ವೆಬ್ ಸುರಕ್ಷತೆಗೆಂದೇ ಇರುವ ಒವಾಸ್ಪ್ ಸಂಸ್ಥೆಯ ಚೀಟ್ ಶೀಟ್ (ಕಿರು ಮಾರ್ಗಸೂಚಿ) ಸರಣಿಯನ್ನು ಓದಿ. ಒವಾಸ್ಪ್‌ನ ಹತ್ತು ಅಪಾಯಗಳ ಪಟ್ಟಿ ಹೆಚ್ಚು ಪ್ರಸಿದ್ಧವಾದರೂ ಅದು ಏನು ತಪ್ಪಾಗುತ್ತದೆ ಎಂದು ಹೇಳುವುದೇ ಹೆಚ್ಚು. ಕೋಡ್ ಬರೆಯಲು ಕುಳಿತವರಿಗೆ ಏನು ಮಾಡಬೇಕು ಎಂದು ಹೇಳುವ ಚೀಟ್ ಶೀಟ್‌ಗಳೇ ಪ್ರಯೋಜನ.

ಎಂಡಿಎನ್ ಕನ್ನಡದಲ್ಲಿ ಇಲ್ಲ. ಕನ್ನಡದಲ್ಲಿ ಕೇಳಿ ಕಲಿಯಬೇಕೆಂದರೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಲಿನಕ್ಸ್ ಮುಂತಾದ ವಿಷಯಗಳ ಕಿರು ಪಾಠಗಳು ಕನ್ನಡ ಧ್ವನಿಯಲ್ಲಿ ಉಚಿತವಾಗಿ ಸಿಗುತ್ತವೆ. ಪಾಠ ನಿಲ್ಲಿಸಿ, ಪಕ್ಕದಲ್ಲಿ ತಾವೇ ಮಾಡಿ ನೋಡುವಂತೆ ಅವನ್ನು ರೂಪಿಸಲಾಗಿದೆ. ಪಾಠದಲ್ಲಿ ಬಳಸಿದ ಸಾಫ್ಟ್‌ವೇರ್ ಆವೃತ್ತಿ ಹಲವು ಕಡೆ ಹಳೆಯದು. ಟರ್ಮಿನಲ್ಲಿನ ಮೂಲ ಆಜ್ಞೆಗಳಿಗೆ ಅದು ಅಡ್ಡಿಯಾಗದು, ಅನುಸ್ಥಾಪನೆಯ ಪಾಠಗಳಿಗೆ ಆದೀತು.

ಪ್ರಶ್ನೆ: ನಮ್ಮ ಸಹಕಾರ ಸಂಘದ ತಾಣಕ್ಕೆ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಉಚಿತ ಭದ್ರತಾ ಪ್ರಮಾಣಪತ್ರ ಹಾಕಿದ್ದೇವೆ. ಅವಧಿ ಮುಗಿಯುವ ಮುನ್ನ ಬರುತ್ತಿದ್ದ ಮಿಂಚಂಚೆ ಈಗ ಬರುತ್ತಿಲ್ಲ. ಒಂದು ದಿನ ತಾಣ ತೆರೆದವರಿಗೆಲ್ಲ 'ಸುರಕ್ಷಿತವಲ್ಲ' ಎಂಬ ಎಚ್ಚರಿಕೆ ಕಾಣಿಸಿತು. ಹಣ ಕೊಟ್ಟು ವರ್ಷದ ಪ್ರಮಾಣಪತ್ರ ಕೊಂಡರೆ ಈ ಕಾಟ ತಪ್ಪುತ್ತದೆಯೇ?
— ಸಂಘವೊಂದರ ಕಂಪ್ಯೂಟರ್ ನಿರ್ವಾಹಕರು, ಶಿರಸಿ

ಉತ್ತರ: ತಪ್ಪುವುದಿಲ್ಲ. ವರ್ಷದ ಪ್ರಮಾಣಪತ್ರ ಎಂಬುದೇ ಇಲ್ಲವಾಗುತ್ತಿದೆ. ಬ್ರೌಸರ್ ತಯಾರಕರೂ ಪ್ರಮಾಣಪತ್ರ ನೀಡುವ ಸಂಸ್ಥೆಗಳೂ ಸೇರಿದ ಸಿಎ/ಬ್ರೌಸರ್ ಫೋರಂ 2025ರ ಏಪ್ರಿಲ್‌ನಲ್ಲಿ ಆ್ಯಪಲ್ ಮುಂದಿಟ್ಟ ಪ್ರಸ್ತಾಪವೊಂದನ್ನು ಒಪ್ಪಿಕೊಂಡಿತು. ಅದರಂತೆ 398 ದಿನಗಳಿದ್ದ ಗರಿಷ್ಠ ಅವಧಿ 2026ರ ಮಾರ್ಚ್ 15ರಿಂದ 200 ದಿನಕ್ಕೆ, 2027ರ ಮಾರ್ಚ್ 15ರಿಂದ 100 ದಿನಕ್ಕೆ, 2029ರ ಮಾರ್ಚ್ 15ರಿಂದ 47 ದಿನಕ್ಕೆ ಇಳಿಯುತ್ತದೆ. ಹಣ ಕೊಟ್ಟದ್ದಕ್ಕೂ ಉಚಿತವಾದದ್ದಕ್ಕೂ ನಿಯಮ ಒಂದೇ. ಕೈಯಾರೆ ನವೀಕರಿಸುವವರಿಗೆ ಇದು ಕಷ್ಟದ ಕಾಲ. ಎಲ್ಲರನ್ನೂ ಸ್ವಯಂಚಾಲಿತ ನವೀಕರಣದ ಕಡೆಗೆ ತಳ್ಳುವುದು ಈ ನಿರ್ಧಾರದ ಉದ್ದೇಶಗಳಲ್ಲಿ ಒಂದು.

ಮಿಂಚಂಚೆ ನಿಂತದ್ದಕ್ಕೂ ಕಾರಣವಿದೆ. 2015ರ ಡಿಸೆಂಬರ್‌ನಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡ ಲೆಟ್ಸ್ ಎನ್‌ಕ್ರಿಪ್ಟ್, ಅವಧಿ ಮುಗಿಯುವ ಸೂಚನೆ ಕಳುಹಿಸುವುದನ್ನು 2025ರ ಜೂನ್ 4ಕ್ಕೆ ನಿಲ್ಲಿಸಿತು. ಅದನ್ನೇ ನೆಚ್ಚಿಕೊಂಡಿದ್ದವರು ಬೇರೆ ವ್ಯವಸ್ಥೆ ಮಾಡಿಕೊಳ್ಳಲೇಬೇಕು. ಹೊರಗಿನಿಂದ ತಾಣವನ್ನು ತೆರೆದು ಪ್ರಮಾಣಪತ್ರದ ಕೊನೆಯ ದಿನಾಂಕ ಓದುವ ಯಾವುದೇ ನಿಗಾ ಸಾಧನ ಆದೀತು. ಅಪ್‌ಟೈಮ್ ಕುಮಾ ಎಂಬ ಮುಕ್ತ ತಂತ್ರಾಂಶವನ್ನು ಬೇರೆ ಯಂತ್ರದಲ್ಲಿ ನಡೆಸಿದರೂ ಸಾಕು. ಅದೇ ಸರ್ವರಿನಲ್ಲಿ ನಡೆಸಬೇಡಿ; ಸರ್ವರ್ ಮಲಗಿದ ದಿನ ಅದೂ ಮಲಗಿರುತ್ತದೆ.

ಇನ್ನು ಸ್ವಯಂಚಾಲಿತ ನವೀಕರಣ ಇಟ್ಟಿದ್ದೂ ತಾಣ ಕೆಟ್ಟಿತೇ ಎಂಬುದನ್ನು ನೀವು ಬರೆದಿಲ್ಲ. ಇಟ್ಟಿದ್ದರೆ, ಸಾಮಾನ್ಯವಾಗಿ ಎರಡರಲ್ಲಿ ಒಂದು ನಡೆದಿರುತ್ತದೆ. ಮೊದಲನೆಯದು, ಭದ್ರತೆಗೆಂದು ಯಾರೋ ಫೈರ್‌ವಾಲ್‌ನಲ್ಲಿ 80ನೇ ಪೋರ್ಟ್ ಮುಚ್ಚಿರುತ್ತಾರೆ. ಡೊಮೇನ್ ನಿಮ್ಮದೇ ಎಂದು ಎಚ್‌ಟಿಟಿಪಿ ಮೂಲಕ ಪರಿಶೀಲಿಸುವ ವಿಧಾನ ಆ ಪೋರ್ಟಿನಲ್ಲೇ ನಡೆಯುವುದರಿಂದ ನವೀಕರಣ ವಿಫಲವಾಗುತ್ತದೆ. ಎರಡನೆಯದು ಇನ್ನೂ ದಾರಿ ತಪ್ಪಿಸುವಂಥದ್ದು: ಹೊಸ ಪ್ರಮಾಣಪತ್ರ ಡಿಸ್ಕಿಗೆ ಬಂದಿರುತ್ತದೆ, ಆದರೆ ಎಂಜಿನ್‌ಎಕ್ಸ್ ಅಥವಾ ಅಪಾಚೆಯಂಥ ವೆಬ್ ಸರ್ವರ್ ತಂತ್ರಾಂಶ ಹಳೆಯದನ್ನೇ ಸ್ಮೃತಿಯಲ್ಲಿಟ್ಟುಕೊಂಡು ಬಡಿಸುತ್ತಿರುತ್ತದೆ. ನವೀಕರಣವಾದ ಕೂಡಲೇ ವೆಬ್ ಸರ್ವರನ್ನು ರಿಲೋಡ್ ಮಾಡುವ ಆಜ್ಞೆಯನ್ನು, ಅಂದರೆ ಡಿಪ್ಲಾಯ್ ಹುಕ್ ಅನ್ನು, ಪ್ರಮಾಣಪತ್ರ ನವೀಕರಿಸುವ ಸರ್ಟ್‌ಬಾಟ್ ತಂತ್ರಾಂಶದಲ್ಲಿ ಬರೆದಿಡಿ. ನಂತರ ನವೀಕರಣದ ಆಜ್ಞೆಯನ್ನು ಡ್ರೈ ರನ್ (ತಾಲೀಮು) ಆಯ್ಕೆಯೊಡನೆ ಒಮ್ಮೆ ನಡೆಸಿ ನೋಡಿ. ಅದು ಲೆಟ್ಸ್ ಎನ್‌ಕ್ರಿಪ್ಟ್‌ನ ಪರೀಕ್ಷಾ ಸರ್ವರಿನೊಡನೆ ಮಾತಾಡುವುದರಿಂದ ಮಿತಿಗಳ ಭಯವಿಲ್ಲ. ನಿಜವಾದ ಸರ್ವರಿನ ಮೇಲೆ ಪ್ರಯೋಗ ಮಾಡಿದರೆ, ಒಂದೇ ಹೆಸರುಗಳ ಗುಂಪಿಗೆ ವಾರಕ್ಕೆ 5 ಪ್ರಮಾಣಪತ್ರಗಳ ಮಿತಿಗೆ ತಾಗಿ ದಿನಗಟ್ಟಲೆ ಕಾಯಬೇಕಾದೀತು.

ವೆಬ್ ಸರ್ವರಿನ ಟಿಎಲ್‌ಎಸ್ (ಸಂಪರ್ಕವನ್ನು ಗೂಢಲಿಪಿಯಲ್ಲಿ ಕಾಪಾಡುವ ವ್ಯವಸ್ಥೆ) ಹೊಂದಿಕೆಯನ್ನು ಕಂಡಕಂಡ ಬರಹಗಳಿಂದ ನಕಲು ಮಾಡಬೇಡಿ. ಮೊಝಿಲ್ಲಾದ ಎಸ್‌ಎಸ್‌ಎಲ್ ಕಾನ್ಫಿಗರೇಷನ್ ಜನರೇಟರ್‌ನಲ್ಲಿ ನಿಮ್ಮ ಸರ್ವರಿನ ಹೆಸರು, ಆವೃತ್ತಿ, ಓಪನ್‌ಎಸ್‌ಎಸ್‌ಎಲ್ ಆವೃತ್ತಿ ಕೊಟ್ಟು 'ಇಂಟರ್‌ಮೀಡಿಯೆಟ್' ಆರಿಸಿಕೊಂಡರೆ ತಕ್ಕ ಸಾಲುಗಳು ಸಿಗುತ್ತವೆ. ಅದನ್ನು ಹಾಕಿದ ಮೇಲೆ ಕ್ವಾಲಿಸ್ ಕಂಪನಿಯ ಎಸ್‌ಎಸ್‌ಎಲ್ ಲ್ಯಾಬ್ಸ್ ತಾಣದಲ್ಲಿ ಪರೀಕ್ಷಿಸಿ. ಟಿಎಲ್‌ಎಸ್ 1.0 ಮತ್ತು 1.1 ಆವೃತ್ತಿಗಳನ್ನು 2021ರ ಮಾರ್ಚ್‌ನಲ್ಲೇ ಅಧಿಕೃತವಾಗಿ ಕೈಬಿಡಲಾಗಿದ್ದರೂ ಹಳೆಯ ಸರ್ವರುಗಳಲ್ಲಿ ಅವು ಇನ್ನೂ ತೆರೆದಿರುವುದುಂಟು. ಆ ತಾಣ ಅದನ್ನು ಕೂಡಲೇ ತೋರಿಸುತ್ತದೆ.

ಪ್ರಶ್ನೆ: ತಾಣದ ವೇಗ, ಗುಣಮಟ್ಟಕ್ಕೆ ಅಂಕ ಕೊಡುವ ಗೂಗಲ್‌ನ ಲೈಟ್‌ಹೌಸ್ ಸಾಧನದಲ್ಲಿ 100 ಅಂಕ ಬಂದರೆ ಮಾತ್ರ ಬಿಲ್ ಪಾವತಿಸುತ್ತೇನೆ ಎಂದು ಗ್ರಾಹಕರೊಬ್ಬರು ಪಟ್ಟು ಹಿಡಿದಿದ್ದಾರೆ. ಅದು ನ್ಯಾಯವೇ?
— ಸ್ವತಂತ್ರ ವೆಬ್ ಡೆವಲಪರ್, ಹುಬ್ಬಳ್ಳಿ

ಉತ್ತರ: ಲೈಟ್‌ಹೌಸ್ ಒಂದು ಯಂತ್ರದಲ್ಲಿ ಒಮ್ಮೆ ನಡೆಸಿದ ಪ್ರಯೋಗ, ಎರಡನೆಯ ಸಲ ನಡೆಸಿದರೆ ಅಂಕ ಬದಲಾಗಬಹುದು. ನಿಜವಾದ ಬಳಕೆದಾರರ ಅನುಭವವನ್ನು ಗೂಗಲ್‌ನದೇ ಪೇಜ್‌ಸ್ಪೀಡ್ ಇನ್‌ಸೈಟ್ಸ್ ತಾಣದ ಮೇಲ್ಭಾಗದಲ್ಲಿ ನೋಡಬಹುದು, ಅದೂ ತಾಣಕ್ಕೆ ಸಾಕಷ್ಟು ಭೇಟಿಗಳಿದ್ದರೆ. ಅಲ್ಲಿನ ಗುರಿಗಳು ಹೀಗಿವೆ: ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಒತ್ತಿದ್ದಕ್ಕೆ ಪ್ರತಿಕ್ರಿಯೆ 200 ಮಿಲಿಸೆಕೆಂಡಿನೊಳಗೆ ಬರಬೇಕು, ಪುಟ ಅಲುಗಾಡುವ ಪ್ರಮಾಣ 0.1 ಮೀರಬಾರದು, ಮತ್ತು ಇವು ಕನಿಷ್ಠ ನೂರಕ್ಕೆ 75 ಭೇಟಿಗಳಲ್ಲಿ ನೆರವೇರಬೇಕು. ಕರಾರಿನಲ್ಲಿ ಈ ಮೂರನ್ನು ಬರೆಯಿರಿ. ಹಣ ಪಾವತಿಯನ್ನು ಲೈಟ್‌ಹೌಸ್ ಅಂಕಕ್ಕೆ ಕಟ್ಟುವುದು ನ್ಯಾಯವಲ್ಲ.

ಪ್ರಶ್ನೆ: ನಮ್ಮ ಗ್ರಂಥಾಲಯದ ಆನ್‌ಲೈನ್ ಸೂಚಿಯಲ್ಲಿ ಕಣ್ಣಿಗೆ ಕಾಣುವ ಪುಸ್ತಕವೇ ಹುಡುಕಿದರೆ ಸಿಗುವುದಿಲ್ಲ. ಕೆಲವು ಶೀರ್ಷಿಕೆಗಳ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆಯಿರುವ ಕಪ್ಪು ವಜ್ರಾಕೃತಿ ಕಾಣುತ್ತದೆ. ಡೆವಲಪರ್ 'ಇದು ಕನ್ನಡದ ಸಮಸ್ಯೆ' ಎನ್ನುತ್ತಾರೆ. ಪರಿಹಾರವಿದೆಯೇ?
— ಗ್ರಂಥಪಾಲಕರು, ಮೈಸೂರು

ಉತ್ತರ: ಕನ್ನಡದ ಸಮಸ್ಯೆಯಲ್ಲ, ಇಂಗ್ಲಿಷನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡು ಬರೆದ ಕೋಡಿನ ಸಮಸ್ಯೆ. ಇದಕ್ಕೆ ಪರಿಹಾರವೂ ಇದೆ, ಒಂದಲ್ಲ, ಮೂರು ಬೇರೆಬೇರೆ ದೋಷಗಳಿಗೆ ಮೂರು ಪರಿಹಾರ.

ಕಪ್ಪು ವಜ್ರಾಕೃತಿಯಿಂದ ಆರಂಭಿಸೋಣ. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ 'ಕರ್ನಾಟಕ' ಎಂಬುದು ಏಳು ಸಂಕೇತಗಳ ಸಾಲು: ಕ, ರ, ವಿರಾಮ, ನ, ಆಕಾರದ ಗುಣಿತ ಚಿಹ್ನೆ, ಟ, ಕ. ಆ ಸಂಕೇತಗಳನ್ನು ಬೈಟುಗಳಾಗಿ ಉಳಿಸುವ ಯುಟಿಎಫ್-8 ರೂಪದಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ 3 ಬೈಟ್ ಬೇಕು, ಹಾಗಾಗಿ ಒಟ್ಟು 21 ಬೈಟ್. ಉದ್ದದ ಶೀರ್ಷಿಕೆಯನ್ನು ಚಿಕ್ಕದಾಗಿ ತೋರಿಸಲು ಪಿಎಚ್‌ಪಿಯ ಹಳೆಯ ಸಬ್‌ಸ್ಟ್ರಿಂಗ್ ಫಂಕ್ಷನ್ ಬಳಸಿದರೆ ಅದು ಬೈಟುಗಳನ್ನು ಎಣಿಸಿ ಕತ್ತರಿಸುತ್ತದೆ. ಒಂದು ಸಂಕೇತದ ಮೂರು ಬೈಟುಗಳ ನಡುವೆ ಕತ್ತರಿ ಬಿದ್ದಲ್ಲಿ ವಜ್ರಾಕೃತಿ ಹುಟ್ಟುತ್ತದೆ. 'ಎಂಬಿ' ಎಂದು ಆರಂಭವಾಗುವ ಫಂಕ್ಷನ್‌ಗಳು ಸಂಕೇತಗಳನ್ನು ಎಣಿಸುತ್ತವೆ, ಆದರೆ ಅವು ಗುಣಿತವನ್ನು ಅಕ್ಷರದಿಂದ ಬೇರ್ಪಡಿಸಿಬಿಡಬಹುದು. 'ಗ್ರಾಫೀಮ್' ಎಂದು ಆರಂಭವಾಗುವವು ಅಕ್ಷರದೊಡನೆ ಗುಣಿತವನ್ನು ಕೂಡಿಸಿಯೇ ಎಣಿಸುತ್ತವೆ. ಪಿಎಚ್‌ಪಿಯಲ್ಲಿ ಅದಕ್ಕೆ ಇಂಟ್ಲ್ ವಿಸ್ತರಣೆ ಬೇಕು, ಜಾವಾಸ್ಕ್ರಿಪ್ಟ್‌ನಲ್ಲಿ ಇಂಟ್ಲ್ ಸೆಗ್ಮೆಂಟರ್ ಅದೇ ಕೆಲಸ ಮಾಡುತ್ತದೆ.

ಹುಡುಕಾಟದ ದೋಷ ಇನ್ನೂ ಸೂಕ್ಷ್ಮ. 'ಕೋ' ಎಂಬುದನ್ನು ಕ ಮತ್ತು ಓಕಾರದ ಒಂದೇ ಚಿಹ್ನೆಯಾಗಿ ಬರೆಯಬಹುದು; ಕ, ಎಕಾರ, ಊಕಾರ ಮತ್ತು ದೀರ್ಘದ ಚಿಹ್ನೆ ಎಂದು ಬಿಡಿಬಿಡಿಯಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ, ಬೈಟುಗಳು ಮಾತ್ರ ಬೇರೆ. ಈ, ಏ, ಐ, ಒ ಗುಣಿತಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಶೀರ್ಷಿಕೆಗಳನ್ನು ಒಬ್ಬರು ಒಂದು ಕೀಲಿಮಣೆ ವಿನ್ಯಾಸದಲ್ಲಿ, ಇನ್ನೊಬ್ಬರು ಮತ್ತೊಂದು ಪರಿವರ್ತಕದ ಮೂಲಕ ತುಂಬಿದ್ದರೆ ಎರಡೂ ರೂಪ ಬೆರೆತಿರುವ ಸಾಧ್ಯತೆ ಹೆಚ್ಚು. ಉಳಿಸುವ ಮುನ್ನ ಎಲ್ಲ ಪಠ್ಯವನ್ನೂ ಎನ್‌ಎಫ್‌ಸಿ ಎಂಬ ಪ್ರಮಾಣಿತ ರೂಪಕ್ಕೆ ತರಬೇಕು, ಹುಡುಕುವವರು ಟೈಪ್ ಮಾಡಿದ ಪದವನ್ನೂ ಹಾಗೆಯೇ ತರಬೇಕು. ಪಿಎಚ್‌ಪಿ, ಪೈಥಾನ್, ಜಾವಾಸ್ಕ್ರಿಪ್ಟ್ ಮೂರರಲ್ಲೂ ಇದಕ್ಕೆ ಸಿದ್ಧ ಸೌಲಭ್ಯವಿದೆ.

ಅಷ್ಟಾದರೂ 'ಸಾಫ್ಟ್‌ವೇರ್' ಎಂಬ ಪದವಿರುವ ಪುಸ್ತಕ ಸಿಗದೆ ಹೋದೀತು. ಫ್ಟ್ ಆದ ಮೇಲೆ ವಕಾರ ಒತ್ತಾಗಿ ಕೆಳಗಿಳಿಯದಿರಲು ಬರಹಗಾರರು ಅಲ್ಲೊಂದು ಕಾಣದ ಸಂಕೇತವನ್ನು, ಅಂದರೆ ಶೂನ್ಯ ಅಗಲದ ಬೇರ್ಪಡಕವನ್ನು ಸೇರಿಸಿರುತ್ತಾರೆ. ಅದಿಲ್ಲದೆ ಟೈಪ್ ಮಾಡಿ ಹುಡುಕಿದವರಿಗೆ ಹೊಂದಿಕೆಯಾಗುವುದಿಲ್ಲ. ಎನ್‌ಎಫ್‌ಸಿ ಈ ಸಂಕೇತವನ್ನು ತೆಗೆಯುವುದಿಲ್ಲ, ತೆಗೆಯಲೂಬಾರದು, ಏಕೆಂದರೆ ಪದ ಕಾಣುವ ರೂಪ ಅದರಿಂದಲೇ ನಿಲ್ಲುತ್ತದೆ. ಆದ್ದರಿಂದ ಶೀರ್ಷಿಕೆಯನ್ನು ಇದ್ದಂತೆಯೇ ಇಟ್ಟು, ಹುಡುಕಾಟಕ್ಕೆಂದೇ ಇನ್ನೊಂದು ಕಾಲಂ ಮಾಡಿ, ಅದರಲ್ಲಿ ಇಂಥ ಕಾಣದ ಸಂಕೇತಗಳನ್ನು ತೆಗೆದುಹಾಕಿದ ಪ್ರತಿಯನ್ನು ಇಡಬೇಕು. ಸೂಚಿಯ ಹಳೆಯ ಭಾಗ ಯೂನಿಕೋಡ್‌ಗೆ ಮುಂಚಿನ ನುಡಿ ಅಥವಾ ಬರಹ ಅಕ್ಷರವಿನ್ಯಾಸದಲ್ಲಿದ್ದರೆ ಇವೆಲ್ಲಕ್ಕೂ ಮೊದಲು ಅದನ್ನು ಯೂನಿಕೋಡ್‌ಗೆ ಪರಿವರ್ತಿಸಲೇಬೇಕು. ಆ ಕಡತಗಳಲ್ಲಿ ಇರುವುದು ಲ್ಯಾಟಿನ್ ಸಂಕೇತಗಳು, ಫಾಂಟ್ ಮಾತ್ರ ಅವಕ್ಕೆ ಕನ್ನಡದ ವೇಷ ತೊಡಿಸಿರುತ್ತದೆ.

ನಿಮ್ಮ ಡೆವಲಪರ್‌ಗೆ ಎರಡು ಓದು ಹೇಳಿ. ಡಬ್ಲ್ಯು3ಸಿಯ ಅಂತರರಾಷ್ಟ್ರೀಕರಣ ವಿಭಾಗದ ಲೇಖನಗಳು ಮೊದಲನೆಯದು. ಅಲ್ಲಿ ಭಾಷೆಯ ಗುರುತು, ಸಂಕೇತೀಕರಣ, ಪ್ರಮಾಣಿತ ರೂಪ ಎಲ್ಲವನ್ನೂ ಡೆವಲಪರುಗಳಿಗೆಂದೇ ಬರೆಯಲಾಗಿದೆ. ಯೂನಿಕೋಡ್ ಒಕ್ಕೂಟದ ಕನ್ನಡ ಸಂಕೇತಪಟ್ಟಿ ಎರಡನೆಯದು. 0ಸಿ80ರಿಂದ 0ಸಿಎಫ್‌ಎಫ್‌ವರೆಗಿನ ಆ ಪಟ್ಟಿಯಲ್ಲಿ ಯಾವ ಗುಣಿತ ಯಾವ ಬಿಡಿ ಚಿಹ್ನೆಗಳಿಗೆ ಸಮ ಎಂಬುದನ್ನೂ ಕೊಟ್ಟಿದ್ದಾರೆ. ಮೈಎಸ್‌ಕ್ಯುಎಲ್ ಬಳಸುತ್ತಿದ್ದರೆ ಕೋಷ್ಟಕಗಳು 'ಯುಟಿಎಫ್8ಎಂಬಿ4' ಸಂಕೇತೀಕರಣದಲ್ಲಿವೆಯೇ ನೋಡಲಿ. ಅದರ ಹಳೆಯ 'ಯುಟಿಎಫ್8' ಮೂರು ಬೈಟಿಗೇ ನಿಲ್ಲುವುದರಿಂದ ಕನ್ನಡಕ್ಕೆ ಸಾಕಾಗುತ್ತದೆ, ಇಮೋಜಿಗಳಿಗೆ ಸಾಲದು. ಕೊನೆಗೊಂದು ಸಣ್ಣ ಮಾತು: ಗುಂಡಿಗಳಿಗೆ ಎತ್ತರವನ್ನು ಬಿಗಿಯಾಗಿ ನಿಗದಿ ಮಾಡಿದರೆ ಒತ್ತಕ್ಷರಗಳ ಬುಡ ಕತ್ತರಿಸಿಹೋಗುತ್ತದೆ. ಇಂಗ್ಲಿಷ್ ಮಾದರಿಗಳಲ್ಲಿ ಪರೀಕ್ಷಿಸುವವರ ಕಣ್ಣಿಗೆ ಇದು ಬೀಳುವುದೇ ಇಲ್ಲ.

ಪ್ರಶ್ನೆ: ಹಿಂದಿನವರು ಬಿಟ್ಟುಹೋದ ಸೆಂಟ್‌ಒಎಸ್ 7 ಎಂಬ ಲಿನಕ್ಸ್ ವ್ಯವಸ್ಥೆಯ ಸರ್ವರ್ ಒಂದರ ಜವಾಬ್ದಾರಿ ನನ್ನ ಮೇಲೆ ಬಿದ್ದಿದೆ. ಓಡುತ್ತಿರುವುದನ್ನು ಮುಟ್ಟಬಾರದು ಎನ್ನುತ್ತಾರೆ ಮೇಲಿನವರು. ಎಲ್ಲಿಂದ ಓದಲು ಆರಂಭಿಸಲಿ?
— ಖಾಸಗಿ ಕಂಪನಿಯೊಂದರ ಉದ್ಯೋಗಿ, ಮಂಗಳೂರು

ಉತ್ತರ: ಮುಟ್ಟಲೇಬೇಕು. ಸೆಂಟ್‌ಒಎಸ್ 7ಕ್ಕೆ ಬೆಂಬಲ 2024ರ ಜೂನ್ 30ಕ್ಕೆ ಮುಗಿಯಿತು. ಸೆಂಟ್‌ಒಎಸ್ 8ರದ್ದು ಅದಕ್ಕೂ ಮುಂಚೆ, 2021ರ ಡಿಸೆಂಬರ್ 31ಕ್ಕೇ ಮುಗಿದಿತ್ತು. ಅಲ್ಲಿಂದೀಚೆಗೆ ಕಂಡುಬಂದ ದೋಷಗಳಿಗೆ ನಿಮ್ಮ ಯಂತ್ರಕ್ಕೆ ಮಾಮೂಲಿ ದಾರಿಯಲ್ಲಿ ತಿದ್ದುಪಡಿ ಬಂದಿಲ್ಲ. ಮೇಲಿನವರನ್ನು ಒಪ್ಪಿಸಲು ಎಂಡ್‌ಆಫ್‌ಲೈಫ್ ಡಾಟ್ ಡೇಟ್ ಎಂಬ ತಾಣ ಬಹಳ ನೆರವಾಗುತ್ತದೆ. ಕಾರ್ಯಾಚರಣ ವ್ಯವಸ್ಥೆ, ಪಿಎಚ್‌ಪಿ, ಡೇಟಾಬೇಸ್ ಯಾವುದರ ಹೆಸರು ಕೊಟ್ಟರೂ ಬೆಂಬಲ ಎಂದು ಮುಗಿಯುತ್ತದೆ ಎಂಬುದನ್ನು ಒಂದೇ ಪುಟದಲ್ಲಿ ಬಣ್ಣ ಹಚ್ಚಿ ತೋರಿಸುತ್ತದೆ. ಅದನ್ನು ಮುದ್ರಿಸಿ ಸಭೆಗೆ ಒಯ್ಯಿರಿ.

ಅದೇ ರೆಡ್ ಹ್ಯಾಟ್ ಲಿನಕ್ಸ್ ಬಳಗದಲ್ಲಿ ಉಳಿಯಬೇಕೆಂದರೆ ಆಲ್ಮಾಲಿನಕ್ಸ್ ಅಥವಾ ರಾಕಿ ಲಿನಕ್ಸ್, ಬದಲಾಯಿಸಲು ಅವಕಾಶವಿದ್ದರೆ ಡೆಬಿಯನ್ ಸ್ಟೇಬಲ್ ಅಥವಾ ಉಬುಂಟು ಎಲ್‌ಟಿಎಸ್ ಆರಿಸಿ. ನನ್ನ ಒಲವು ಡೆಬಿಯನ್ ಸ್ಟೇಬಲ್ ಕಡೆಗೆ. 2024ರ ಮಾರ್ಚ್ 29ರಂದು ಎಕ್ಸ್‌ಝಡ್ ಎಂಬ ಸಂಕುಚನ ತಂತ್ರಾಂಶದೊಳಗೆ ಯಾರೋ ಉದ್ದೇಶಪೂರ್ವಕವಾಗಿ ಹುದುಗಿಸಿದ್ದ ಕಳ್ಳಬಾಗಿಲು ಬಯಲಾಯಿತು. ದೂರದಿಂದ ಸರ್ವರಿಗೆ ಎಸ್‌ಎಸ್‌ಎಚ್ ಮೂಲಕ ಪ್ರವೇಶಿಸಲು ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯೆಂದು ಅನುಮಾನಗೊಂಡ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಅದನ್ನು ಪತ್ತೆಹಚ್ಚಿದ್ದರು. ಆ ಹೊತ್ತಿಗೆ ಅದು ಡೆಬಿಯನ್‌ನ ಪರೀಕ್ಷಾ ಶಾಖೆಗಳನ್ನು ಮುಟ್ಟಿತ್ತು, ಸ್ಟೇಬಲ್ ಅನ್ನು ಮುಟ್ಟಿರಲಿಲ್ಲ. ಸರ್ವರಿಗೆ ಹೊಸದೆಲ್ಲ ಕೂಡಲೇ ಬೇಕು ಎಂಬ ಆತುರ ಒಳ್ಳೆಯದಲ್ಲ.

ಓದಿನ ವಿಷಯದಲ್ಲಿ, ಯಂತ್ರದೊಳಗೇ ಇರುವ ಮ್ಯಾನ್ ಪುಟಗಳನ್ನು ಮೊದಲು ನೋಡಿ. ನಿಮ್ಮಲ್ಲಿರುವ ಆವೃತ್ತಿಗೇ ಸರಿಹೊಂದುವ ಕೈಪಿಡಿ ಅದೊಂದೇ. ಹಿನ್ನೆಲೆಯ ತಿಳಿವಳಿಕೆಗೆ ಆರ್ಚ್ ಲಿನಕ್ಸ್‌ನ ವಿಕಿಯಷ್ಟು ಚೊಕ್ಕ ಬರವಣಿಗೆ ಅಪರೂಪ, ಆರ್ಚ್ ಬಳಸದವರಿಗೂ ಅದು ಉಪಯುಕ್ತ. ಕಡತಗಳ ದಾರಿ ಮಾತ್ರ ಅಲ್ಲಿದ್ದಂತೆ ಇಲ್ಲಿರುವುದಿಲ್ಲ. ಡೆಬಿಯನ್‌ನಲ್ಲಿ 'ಅಪಾಚೆ2' ಆಗಿರುವುದು ರೆಡ್ ಹ್ಯಾಟ್ ಬಳಗದಲ್ಲಿ 'ಎಚ್‌ಟಿಟಿಪಿಡಿ' ಆಗಿರುತ್ತದೆ. ಹಂತಹಂತದ ಮಾರ್ಗದರ್ಶನಕ್ಕೆ ಡಿಜಿಟಲ್‌ಓಷನ್‌ನ ಪಾಠಗಳು ಚೆನ್ನಾಗಿವೆ, ಯಾವ ಆವೃತ್ತಿಗೆ ಬರೆದದ್ದು ಎಂದು ಪ್ರತಿಯೊಂದರ ಮೇಲೂ ಹೇಳಿರುತ್ತಾರೆ. ಭದ್ರತಾ ಸ್ಕ್ಯಾನರ್ ಒಂದು ನಿಮ್ಮ ಹೊಸ ಡೆಬಿಯನ್ ಯಂತ್ರದಲ್ಲಿ ಹಳೆಯ ಆವೃತ್ತಿಯ ತಂತ್ರಾಂಶವಿದೆ ಎಂದು ಕೂಗಿದರೆ ಗಾಬರಿಯಾಗುವ ಮುನ್ನ ಡೆಬಿಯನ್‌ನ ಸೆಕ್ಯುರಿಟಿ ಟ್ರ್ಯಾಕರ್ ನೋಡಿ. ಅವರು ಆವೃತ್ತಿ ಸಂಖ್ಯೆಯನ್ನು ಹಾಗೆಯೇ ಇಟ್ಟು ಭದ್ರತಾ ತಿದ್ದುಪಡಿಯನ್ನಷ್ಟೇ ಸೇರಿಸುವುದು ವಾಡಿಕೆ, ಸ್ಕ್ಯಾನರುಗಳು ಅದನ್ನು ಗಮನಿಸದೆ ಹೋಗುವುದುಂಟು.

ಭಾರತದಲ್ಲಿ ಸರ್ವರ್ ನಡೆಸುವವರು ಓದಲೇಬೇಕಾದ, ಆದರೆ ಬಹುತೇಕರು ಓದದ ದಾಖಲೆಯೊಂದಿದೆ: ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳು. ಪಟ್ಟಿ ಮಾಡಿದ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು (ಸರ್ವರಿನ ಚಟುವಟಿಕೆಯ ದಾಖಲೆಗಳನ್ನು) 180 ದಿನ ಕಾಪಾಡಬೇಕು, ಯಂತ್ರಗಳ ಗಡಿಯಾರವನ್ನು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ (ಎನ್‌ಐಸಿ) ಅಥವಾ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ಸಮಯ ಸರ್ವರುಗಳೊಡನೆ ಇಲ್ಲವೇ ಅವಕ್ಕೆ ಹೊಂದಿಕೊಂಡ ಸರ್ವರುಗಳೊಡನೆ ಸರಿಹೊಂದಿಸಬೇಕು ಎಂದು ಅದು ಹೇಳುತ್ತದೆ. ಕಂಪನಿಗಳೂ ಇದರ ವ್ಯಾಪ್ತಿಗೆ ಬರುತ್ತವೆ. ಡೆಬಿಯನ್ ಮತ್ತು ಉಬುಂಟುಗಳಲ್ಲಿ ಅಪಾಚೆ, ಎಂಜಿನ್‌ಎಕ್ಸ್ ಲಾಗ್‌ಗಳು ದಿನಕ್ಕೊಂದು ಹೊಸ ಕಡತ ತೆರೆದು, ಹಳೆಯವುಗಳಲ್ಲಿ 14 ಕಡತಗಳಷ್ಟೇ ಉಳಿಯುವಂತೆ ಮೊದಲೇ ಹೊಂದಿಸಿರುತ್ತಾರೆ. ಯಾರೂ ಅದನ್ನು ಮುಟ್ಟದಿದ್ದರೆ ಹದಿನೈದನೆಯ ದಿನಕ್ಕೆ ಸಾಕ್ಷ್ಯ ಅಳಿಸಿಹೋಗುತ್ತಿರುತ್ತದೆ. ಹೊಸ ಯಂತ್ರಕ್ಕೆ ಹೋದ ದಿನವೇ, ಇದನ್ನು ನಿರ್ವಹಿಸುವ ಲಾಗ್‌ರೊಟೇಟ್‌ನ ಹೊಂದಿಕೆ ಕಡತದಲ್ಲಿ ಆ ಸಂಖ್ಯೆಯನ್ನು ಬದಲಾಯಿಸಿ, ಡಿಸ್ಕಿನಲ್ಲಿ ಅಷ್ಟು ಜಾಗವಿದೆಯೇ ನೋಡಿಕೊಳ್ಳಿ.

ಪ್ರಶ್ನೆ: ನಮ್ಮ ಶಾಲೆಯ ಸರ್ವರಿನಿಂದ ಪೋಷಕರಿಗೆ ಹೋಗುವ ಮಿಂಚಂಚೆಗಳು ಸ್ಪ್ಯಾಮ್ ಪೆಟ್ಟಿಗೆ ಸೇರುತ್ತವೆ. ಏನು ಮಾಡಲಿ?
— ಶಿಕ್ಷಕರು, ತುಮಕೂರು

ಉತ್ತರ: ಡೊಮೇನಿನ ಡಿಎನ್‌ಎಸ್‌ನಲ್ಲಿ (ಹೆಸರನ್ನು ಸರ್ವರ್ ವಿಳಾಸಕ್ಕೆ ಜೋಡಿಸುವ ವ್ಯವಸ್ಥೆಯಲ್ಲಿ) ಎಸ್‌ಪಿಎಫ್ (ಯಾವ ಸರ್ವರುಗಳು ಅಂಚೆ ಕಳುಹಿಸಬಹುದು), ಡಿಕಿಮ್ (ಅಂಚೆಯ ಡಿಜಿಟಲ್ ಸಹಿ), ಡಿಮಾರ್ಕ್ (ಇವು ಹೊಂದದಿದ್ದರೆ ಏನು ಮಾಡಬೇಕು) ಎಂಬ ಮೂರು ದಾಖಲೆಗಳು ಇವೆಯೇ ನೋಡಿ. 2024ರ ಫೆಬ್ರುವರಿಯಿಂದ ಗೂಗಲ್ ದಿನಕ್ಕೆ ಸುಮಾರು 5,000 ಅಥವಾ ಹೆಚ್ಚು ಕಳುಹಿಸುವವರಿಗೆ, ಯಾಹೂ ದೊಡ್ಡ ಪ್ರಮಾಣದಲ್ಲಿ ಕಳುಹಿಸುವವರಿಗೆ ಮೂರನ್ನೂ ಕಡ್ಡಾಯ ಮಾಡಿವೆ. ಶಾಲೆಯೊಂದು ಅಷ್ಟು ಕಳುಹಿಸದಿದ್ದರೂ ಮೂರನ್ನೂ ಇಡುವುದೇ ಲೇಸು. ಸಾಮಾನ್ಯ ತಪ್ಪುಗಳು ಎರಡು: ಒಂದೇ ಡೊಮೇನಿಗೆ ಎರಡು ಎಸ್‌ಪಿಎಫ್ ದಾಖಲೆ ಇಡುವುದು, ಮತ್ತು ಎಸ್‌ಪಿಎಫ್ ಒಳಗೆ ಹಲವು ಸೇವೆಗಳನ್ನು ಸೇರಿಸುತ್ತ ಹೋಗಿ 10 ಡಿಎನ್‌ಎಸ್ ಹುಡುಕಾಟಗಳ ಮಿತಿ ದಾಟುವುದು. ಎರಡರಲ್ಲೂ ದಾಖಲೆ ಪೂರ್ತಿ ಅಮಾನ್ಯವಾಗುತ್ತದೆ. ಸರ್ವರಿನ ಐಪಿ ವಿಳಾಸಕ್ಕೆ ಹಿಮ್ಮುಖ ಡಿಎನ್‌ಎಸ್ ಹೆಸರೂ (ವಿಳಾಸದಿಂದ ಹೆಸರು ತಿಳಿಸುವ ದಾಖಲೆ) ಇರಬೇಕು. ಅದನ್ನು ಸರ್ವರ್ ಬಾಡಿಗೆ ಕೊಟ್ಟವರೇ ಹಾಕಿಕೊಡಬೇಕು. ಪರೀಕ್ಷೆಗೆ ಮೇಲ್-ಟೆಸ್ಟರ್ ತಾಣ ಸಾಕು. ಸ್ವಂತ ಮೇಲ್ ಸರ್ವರ್ ನಡೆಸುವುದು ಕಲಿಯಲು ಒಳ್ಳೆಯದು, ಶಾಲೆಯ ದೈನಂದಿನ ಕೆಲಸಕ್ಕಲ್ಲ. ರವಾನೆಯನ್ನು ಅದಕ್ಕೆಂದೇ ಇರುವ ಸೇವೆಯೊಂದಕ್ಕೆ ವಹಿಸಿ.

ಪ್ರಶ್ನೆ: ಕೃತಕ ಬುದ್ಧಿಮತ್ತೆಯ ಸಹಾಯಕರು ಎಲ್ಲವನ್ನೂ ಹೇಳಿಕೊಡುವಾಗ ಈ ಕೈಪಿಡಿಗಳನ್ನು ಓದುವ ಅಗತ್ಯವಾದರೂ ಏನು?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ದೋಷಸಂದೇಶವೊಂದರ ಅರ್ಥ ಬಿಡಿಸಲು, ಅಪರಿಚಿತ ಕೋಡ್ ಓದಿ ಹೇಳಲು ಅವು ನಿಜಕ್ಕೂ ಒಳ್ಳೆಯವು. ಆದರೆ ಅವು ಇಲ್ಲದ ಆಯ್ಕೆಗಳನ್ನು, ಇಲ್ಲದ ಪ್ಯಾಕೇಜುಗಳ ಹೆಸರನ್ನು ಅಷ್ಟೇ ವಿಶ್ವಾಸದಿಂದ ಹೇಳುವುದುಂಟು, ಮತ್ತು ಅಂಥ ಹೆಸರನ್ನು ಬೇರೊಬ್ಬರು ನೋಂದಾಯಿಸಿ ದುರುದ್ದೇಶದ ಕೋಡ್ ಇಟ್ಟರೆ ನೀವೇ ಕೈಯಾರೆ ಅದನ್ನು ಒಳಗೆ ಕರೆದಂತಾಗುತ್ತದೆ. ಅವು ಕೊಟ್ಟ ಶೆಲ್ ಆಜ್ಞೆಯನ್ನು ಮ್ಯಾನ್ ಪುಟದೊಡನೆ ಹೋಲಿಸಿ, ಸ್ಕ್ರಿಪ್ಟನ್ನು ದೋಷ ಹುಡುಕುವ ಶೆಲ್‌ಚೆಕ್ ಸಾಧನಕ್ಕೆ ಒಡ್ಡಿ, ಎಂಜಿನ್‌ಎಕ್ಸ್ ಹೊಂದಿಕೆಯನ್ನು ಅದರದೇ ಪರೀಕ್ಷಾ ಆಯ್ಕೆಯಿಂದ ಪರಿಶೀಲಿಸಿದ ಮೇಲೆ ಬಳಸಿ. ರೂಟ್ ಅಧಿಕಾರವಿರುವ ಟರ್ಮಿನಲ್ಲಿಗೆ ಓದದೆ ಅಂಟಿಸುವುದು, ಅದು ಯಂತ್ರದ ಉತ್ತರವಾಗಲಿ ಮನುಷ್ಯರ ಉತ್ತರವಾಗಲಿ, ಒಂದೇ ತೂಕದ ತಪ್ಪು.

ಪ್ರಶ್ನೆ: ಸರ್ವರ್ ಕೆಟ್ಟಾಗ ಹೇಗೆ ವರ್ತಿಸಬೇಕು ಎಂಬುದನ್ನು ಯಾವ ಪಾಠವೂ ಹೇಳಿಕೊಡುವುದಿಲ್ಲ. ಅದಕ್ಕೆ ಓದೇನಾದರೂ ಇದೆಯೇ?
— ಕನ್ನಡಿಗ ಓದುಗರು, ದುಬೈ

ಉತ್ತರ: ಇದೆ. ಕಂಪನಿಗಳು ತಮ್ಮ ದೊಡ್ಡ ವೈಫಲ್ಯಗಳ ನಂತರ ಪ್ರಕಟಿಸುವ ವರದಿಗಳೇ ಅದು, ಇಂಗ್ಲಿಷಿನಲ್ಲಿ ಪೋಸ್ಟ್‌ಮಾರ್ಟೆಮ್ ಎನ್ನುತ್ತಾರೆ. ನನ್ನ ಮಟ್ಟಿಗೆ ಈ ಅಂಕಣದಲ್ಲಿ ಹೆಸರಿಸಿದ ಎಲ್ಲ ಓದಿಗಿಂತ ಇವು ಹೆಚ್ಚು ಕಲಿಸುತ್ತವೆ.

ಒಂದನ್ನೇ ಓದುವುದಾದರೆ ಕೋಡ್ ಇಟ್ಟುಕೊಳ್ಳುವ ಸೇವೆ ನಡೆಸುವ ಗಿಟ್‌ಲ್ಯಾಬ್ ಕಂಪನಿಯದನ್ನು ಓದಿ. 2017ರ ಜನವರಿ 31ರ ರಾತ್ರಿ ಅವರ ಎಂಜಿನಿಯರ್ ಒಬ್ಬರು ನಕಲು ಸರ್ವರಿನದೆಂದು ತಿಳಿದು ಮುಖ್ಯ ಸರ್ವರಿನ ಡೇಟಾಬೇಸ್ ಕಡತಗಳನ್ನು ಅಳಿಸಲು ಆಜ್ಞೆ ಕೊಟ್ಟರು. ಗೊತ್ತಾಗಿ ತಡೆಯುವಷ್ಟರಲ್ಲಿ ಸುಮಾರು 300 ಗಿಗಾಬೈಟಿನಲ್ಲಿ 4.5 ಉಳಿದಿತ್ತು. ಪ್ರತಿ ಇಟ್ಟುಕೊಳ್ಳುವ ಹಲವು ವ್ಯವಸ್ಥೆಗಳಿದ್ದರೂ ಒಂದೊಂದಾಗಿ ನೋಡಿದರೆ ಯಾವುದೂ ನೆಚ್ಚುವಂತಿರಲಿಲ್ಲ. ದಿನವೂ ಪ್ರತಿ ತೆಗೆಯಬೇಕಾದ ಆಜ್ಞೆ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಬೇರೆ ಆವೃತ್ತಿಯದಾದ್ದರಿಂದ ವಿಫಲವಾಗುತ್ತಲೇ ಇತ್ತು. ವಿಫಲವಾಯಿತೆಂದು ಎಚ್ಚರಿಸುವ ಮಿಂಚಂಚೆಗಳೂ ಹೊರಡುತ್ತಿದ್ದವು, ಆದರೆ ಡಿಮಾರ್ಕ್ ನಿಯಮಕ್ಕೆ ಒಪ್ಪದ ಕಾರಣ ಅವು ತಿರಸ್ಕೃತವಾಗುತ್ತಿದ್ದವು. ತುಮಕೂರಿನ ಶಿಕ್ಷಕರಿಗೆ ಹೇಳಿದ ಅದೇ ವ್ಯವಸ್ಥೆಯ ಹೊಂದಿಕೆಯಲ್ಲಿನ ಕೊರತೆ, ಇಲ್ಲಿ ಡೇಟಾಬೇಸನ್ನೇ ಅಪಾಯಕ್ಕೆ ತಂದಿತ್ತು. ಕೊನೆಗೆ ಬೇರೆ ಕೆಲಸಕ್ಕಾಗಿ ಸುಮಾರು ಆರು ಗಂಟೆ ಮುಂಚೆ ತೆಗೆದಿದ್ದ ಡಿಸ್ಕ್ ಪ್ರತಿಯೊಂದರಿಂದ ತಾಣ ಮರಳಿ ಎದ್ದಿತು, ಆ ನಡುವಿನ ಗಂಟೆಗಳ ದತ್ತಾಂಶ ಹೋಯಿತು. ಕಂಪನಿ ದುರಸ್ತಿಯನ್ನು ಯೂಟ್ಯೂಬ್‌ನಲ್ಲಿ ನೇರ ಪ್ರಸಾರ ಮಾಡಿತು. ವರದಿಯಲ್ಲಿ ಆ ಎಂಜಿನಿಯರ್ ಹೆಸರನ್ನು ಹೇಳದೆ, ಅವರ ಕೈಯಿಂದ ಅದು ನಡೆಯಲು ಅವಕಾಶವಾದದ್ದು ಹೇಗೆ ಎಂಬುದನ್ನಷ್ಟೇ ಚರ್ಚಿಸಿತು.

ಬೇರೆಯವರ ತಾಣಗಳನ್ನು ವೇಗವಾಗಿ, ಸುರಕ್ಷಿತವಾಗಿ ತಲುಪಿಸುವ ಕ್ಲೌಡ್‌ಫ್ಲೇರ್ ಕಂಪನಿ ತನ್ನ ಬ್ಲಾಗಿನಲ್ಲಿ ಇಂಥ ವರದಿಗಳನ್ನು ಬೇಗನೆ, ವಿವರವಾಗಿ ಪ್ರಕಟಿಸುತ್ತದೆ; 2019ರ ಜುಲೈ 2ರಂದು ಒಂದೇ ಒಂದು ರೆಗ್ಯುಲರ್ ಎಕ್ಸ್‌ಪ್ರೆಷನ್ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರ) ಅವರ ಸರ್ವರುಗಳ ಸಂಸ್ಕಾರಕಗಳನ್ನು (ಸಿಪಿಯುಗಳನ್ನು) 27 ನಿಮಿಷ ಕಟ್ಟಿಹಾಕಿದ ಕಥೆ ಅವುಗಳಲ್ಲೊಂದು. ಡ್ಯಾನ್ ಲೂ ಎಂಬ ಎಂಜಿನಿಯರ್ ಗಿಟ್‌ಹಬ್‌ನಲ್ಲಿ ಇಂಥ ವರದಿಗಳ ಸಂಗ್ರಹವನ್ನೇ ಇಟ್ಟಿದ್ದಾರೆ. ವಾರಕ್ಕೊಂದು ಓದಿ, ಇದು ನಮ್ಮಲ್ಲಿ ಆಗಿದ್ದರೆ ಯಾರಿಗೆ ಮೊದಲು ಗೊತ್ತಾಗುತ್ತಿತ್ತು ಎಂದು ಸಹೋದ್ಯೋಗಿಗಳೊಡನೆ ಚರ್ಚಿಸಿ.

ಪ್ರಶ್ನೆ: ನಮ್ಮ ಸಾಂಸ್ಕೃತಿಕ ಸಂಘಕ್ಕೆ 'ಡಾಟ್ ಭಾರತ' ಎಂದು ಕನ್ನಡದಲ್ಲೇ ಕೊನೆಯಾಗುವ ಡೊಮೇನ್ ತೆಗೆದುಕೊಳ್ಳಬಹುದೇ?
— ಸಂಘದ ಕಾರ್ಯದರ್ಶಿ, ಧಾರವಾಡ

ಉತ್ತರ: ಧಾರಾಳವಾಗಿ. 'ಇನ್' ಡೊಮೇನುಗಳನ್ನು ನೋಡಿಕೊಳ್ಳುವ ನಿಕ್ಸಿ ಸಂಸ್ಥೆಯೇ ಇದನ್ನೂ ನಿರ್ವಹಿಸುತ್ತದೆ. ಡಿಎನ್‌ಎಸ್ ಮತ್ತು ಸರ್ವರ್ ಹೊಂದಿಕೆಯ ಒಳಗೆ ಈ ಹೆಸರು ಪ್ಯೂನಿಕೋಡ್ ಎಂಬ ರೂಪದಲ್ಲಿ, 'ಎಕ್ಸ್ಎನ್' ಎಂದು ಆರಂಭವಾಗುವ ಲ್ಯಾಟಿನ್ ಅಕ್ಷರಗಳ ಸಾಲಾಗಿ ಕಾಣಿಸಿಕೊಳ್ಳುತ್ತದೆ, ಅದನ್ನು ನೋಡಿ ಹೆದರಬೇಡಿ. ಲೆಟ್ಸ್ ಎನ್‌ಕ್ರಿಪ್ಟ್ ಇಂಥ ಹೆಸರುಗಳಿಗೂ ಪ್ರಮಾಣಪತ್ರ ಕೊಡುತ್ತದೆ. ಮಿಂಚಂಚೆಯ ವಿಳಾಸಕ್ಕೆ ಮಾತ್ರ ಇದನ್ನು ಇನ್ನೂ ನೆಚ್ಚಿಕೊಳ್ಳಬೇಡಿ, ಎಷ್ಟೋ ಅರ್ಜಿ ನಮೂನೆಗಳು ಕನ್ನಡದ ವಿಳಾಸವನ್ನು ತಪ್ಪೆಂದು ತಿರಸ್ಕರಿಸುತ್ತವೆ. ಇಂಗ್ಲಿಷ್ ಲಿಪಿಯ ಡೊಮೇನ್ ಒಂದನ್ನೂ ಇಟ್ಟುಕೊಂಡು, ಎರಡರಲ್ಲಿ ಒಂದನ್ನು ಮುಖ್ಯವೆಂದು ಆರಿಸಿ, ಇನ್ನೊಂದರಿಂದ ಅದಕ್ಕೆ 301 (ಶಾಶ್ವತ) ಮರುನಿರ್ದೇಶನ ಕೊಡಿ.